ಕರೆಂಟು ಹೋದಾಗ ಬರುವ ನೀರು

ನಳ ಬರುವ ದಿನ ಕರೆಂಟು ಹೋಗಲಿ ಅಂತ ದೇವರನ್ನು ಬೇಡಿಕೊಂಡರೆ ಪಾಪ ಬರುತ್ತದೆಯೇ?

ಡೈರಿಯಲ್ಲಿ ಇಷ್ಟು ಬರೆದು ಶಾಂಭವಿ ಪೆನ್ನಿನ ತುದಿ ಕಚ್ಚಿಕೊಂಡು ಕುಳಿತಳು. ಬಿಸಿಲಿಗೆ ಬಂಡೆಗಳು ಕಾದು ಹೆಂಚಾಗುವ ಹೊಸಪೇಟೆಯಲ್ಲಿ ಫ್ಯಾನು ನಿಂತರೆ ಸಾಕು, ಜನ ಕರೆಂಟಿನವರ ಏಳು ತಲೆಮಾರನ್ನು ಬೀದಿಗೆಳೆದು ಬೈಯುತ್ತಾರೆ. ಅಂಥ ಊರಿನಲ್ಲಿ ಕರೆಂಟು ಹೋಗಲೆಂದು ಕೈಮುಗಿಯುವ ಹುಡುಗಿ ತಾನೊಬ್ಬಳೇ ಇರಬೇಕು. ಯಾಕೆ ಬೇಡಿಕೊಂಡೆ ಎಂಬುದನ್ನೂ ಬರೆಯೋಣವೆಂದರೆ ಮುಂದಿನ ಸಾಲಿನಲ್ಲಿ ಅಪ್ಪನ ಹೆಸರು ಬರಬೇಕಾಗುತ್ತಿತ್ತು. ಡೈರಿ ಮುಚ್ಚಿ ದಿಂಬಿನ ಕೆಳಗೆ ತುರುಕಿದಳು.

ಶಾಂಭವಿ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಮಾತು ಕಡಿಮೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳು ಅನ್ನುತ್ತಿದ್ದ ‘ಪ್ರೆಸೆಂಟ್’ ಪಕ್ಕದಲ್ಲಿ ಕುಳಿತವಳಿಗಷ್ಟೇ ಕೇಳುತ್ತಿತ್ತು. ಅಕ್ಕ ಪೂಜಿತಾಳ ಎರಡನೇ ಬಾಣಂತನಕ್ಕೆಂದು ಅವ್ವ ಸಂಡೂರಿಗೆ ಹೋದ ಮೇಲೆ ಅಡುಗೆ, ಅಜ್ಜಿಯ ಮಾತ್ರೆ, ಅಂಗಳದ ರಂಗೋಲಿ ಇವುಗಳ ಜೊತೆಗೆ ನಳದ ಮೋಟರೂ ಅವಳ ಪಾಲಿಗೆ ಬಂತು. ಆ ಮೋಟರೇ ಈಗ ಅವಳ ಎದೆಯ ಮೇಲೆ ಕುಳಿತಿತ್ತು.

ಡ್ಯಾಮು ಊರಿನ ಬಾಗಿಲಲ್ಲೇ ಇದ್ದರೂ ಅವರ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಬೆಳಗಿನ ಹೊತ್ತು ಯಾರಾದರೊಬ್ಬರು “ನಳ ಬಂತ್ರೇ!” ಎಂದು ಕೂಗಿದರೆ ಮುಗಿಯಿತು; ಹಾಲು ಉಕ್ಕಿ ಒಲೆಗೆ ಬಿದ್ದರೂ ಲೆಕ್ಕಕ್ಕಿಲ್ಲ, ಅರ್ಧ ಬೋಳಿಸಿದ ಗಡ್ಡವೂ ಲೆಕ್ಕಕ್ಕಿಲ್ಲ, ಎಲ್ಲರೂ ನಳದ ಕಡೆ ಓಡುವವರೇ. ಓಣಿಯ ಬಾಯಲ್ಲಿರುವ ಮೊದಲ ಮನೆ ಶಾಂಭವಿಯ ಅಪ್ಪ ಕೊಟ್ರಯ್ಯನದು. ಅವನಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿಯಿತ್ತು. ಗಿರಣಿಯಲ್ಲಿ ಭತ್ತ ಕುದಿಸುವ ತೊಟ್ಟಿಗೆ ನೀರೆತ್ತುತ್ತಿದ್ದ ಹಳೆಯ ದೊಡ್ಡ ಮೋಟರನ್ನು ಹೋದ ವರ್ಷ ಗಾಡಿಗೆ ಹೇರಿಸಿ ತಂದು, ಸೀದಾ ನಳದ ಪೈಪಿಗೇ ಕೂಡಿಸಿಬಿಟ್ಟ. ಅಂಗಳದಲ್ಲಿ ಸಂಪು ಇತ್ತು, ಆದರೆ ನೀರು ಅಲ್ಲಿಗೆ ಬಂದು ಬಿದ್ದು ತುಂಬುವವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಮೋಟರು ಪೈಪಿನಿಂದಲೇ ನೀರನ್ನು ಹೀರಿ ಮಾಳಿಗೆಯ ಟ್ಯಾಂಕಿಗೆ ಎತ್ತಿ ಒಗೆಯುತ್ತಿತ್ತು. ಅದು ಹೊರಡಿಸುವ ಸದ್ದಿಗೆ ಓಣಿಯವರು ‘ಕೊಟ್ರಯ್ಯನ ಆನೆ’ ಎಂದು ಹೆಸರಿಟ್ಟರು. ಕೊಟ್ರಯ್ಯ ಅದನ್ನು ಹೊಗಳಿಕೆಯೆಂದೇ ತಿಳಿದು ಮೀಸೆ ತಿರುವಿದ.

ಆನೆ ಬಂದ ಮೇಲೆ ಪಕ್ಕದ ಮನೆಯ ಮುರುಗೇಶನ ನಳ ಸಣ್ಣಗಾಯಿತು. “ನಿಮ್ಮನ್ಯಾಗ ಆನಿ ಇದ್ರ ನಮ್ಮನ್ಯಾಗ ಒಂದು ಆಕಳ ಕರಾನರ ಇರ್ಲಿ” ಎಂದು ಅವನೂ ಒಂದು ಸಣ್ಣ ಮೋಟರ್ ತಂದ. ಅವನು ಹಚ್ಚಿದನೆಂದು ಅವನಾಚೆಯವರು, ಅವರು ಹಚ್ಚಿದರೆಂದು ಇನ್ನೊಬ್ಬರು. ಹೀಗೆ ಮೋಟರುಗಳು ಮನೆಯಿಂದ ಮನೆಗೆ ನಡೆಯುತ್ತ ಹೋಗಿ ಹೊಳೆಮ್ಮನ ಬಾಗಿಲಲ್ಲಿ ನಿಂತವು. ಹೊಳೆಮ್ಮನದು ಕೊನೆಯ ಮನೆ, ಮೋಟರಿಲ್ಲದ ಮನೆ. ಸಂಜೆ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಮಿರ್ಚಿ-ಮಂಡಕ್ಕಿ ಬಂಡಿ ಹಚ್ಚುವ ಹೆಂಗಸು. ಮಗ ಅಂಜಿನೇಯ ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಿದ್ದ. ಶಿಫ್ಟ್ ಮುಗಿಸಿ ಬಸ್ಸಿಳಿದರೆ ಮೈಯೆಲ್ಲ ಅದಿರಿನ ದೂಳು, ಬೆಳ್ಳಗಿರುವುದು ಕಣ್ಣು ಮಾತ್ರ. ಅವನ ಸ್ನಾನಕ್ಕೆ ಹೊಳೆಮ್ಮ ಹಿಂದಿನ ಬೀದಿಯ ಬೋರ್‌ವೆಲ್ ಟ್ಯಾಂಕಿನಿಂದ ಕೊಡ ಹೊತ್ತು ತರುತ್ತಿದ್ದಳು. ಸೊಂಟ ಹಿಡಿದುಕೊಂಡು ನಡೆಯುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಇದೆಲ್ಲ ಶಾಂಭವಿ ನೋಡಿಯೂ ನೋಡದ ಸಂಗತಿಗಳೇ. ಮೊನ್ನೆ ನಳದ ದಿನ ಕರೆಂಟು ಹೋಗದಿದ್ದರೆ ಹಾಗೆಯೇ ಉಳಿಯುತ್ತಿತ್ತೋ ಏನೋ.

ಆವತ್ತು ನೀರು ಬಂದ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಓಣಿಯ ಮೋಟರುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು. “ಸಂಜಿಗೆ ನಾಕು ಮಿರ್ಚಿ ತೆಗದಿಡು ಅಂತ ಹೊಳೆಮ್ಮಗ ಹೇಳಿ ಬಾ, ಹೆಂಗೂ ನಿನ್ನ ಆನಿ ಮಲಗೇತಿ” ಎಂದು ಅಜ್ಜಿ ಅಕ್ಕನಾಗಮ್ಮ ಕಳಿಸಿದಳು. ಶಾಂಭವಿ ಹೋದಾಗ ಹೊಳೆಮ್ಮನ ನಳ ಧಾರಾಳವಾಗಿ ಸುರಿಯುತ್ತಿತ್ತು. ಹೊಳೆಮ್ಮ ಕೊಡ, ಬಕೀಟು, ಮಂಡಕ್ಕಿಯ ಡಬರಿ, ಕೊನೆಗೆ ಸಾರಿನ ಪಾತ್ರೆಯನ್ನೂ ಸಾಲಾಗಿ ಇಟ್ಟು ತುಂಬಿಸುತ್ತಿದ್ದಳು.

“ಬಾ ತಂಗಿ, ಕುಂದ್ರು. ನಮ್ಮ ನಳಕ್ಕ ಕರೆಂಟ್ ಅಂದ್ರ ಅಂಜಿಕಿ ನೋಡು. ಕರೆಂಟ್ ಇದ್ರ ಬರಂಗಿಲ್ಲ, ಹೋದ್ರ ಹಿಂಗ ಕುಣಕೋತ ಬರ್ತೈತಿ” ಎಂದು ನಕ್ಕಳು.

ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಆ ತುದಿಯಿಂದ ಆನೆ ಘೀಳಿಟ್ಟಿತು. ಮುರುಗೇಶನ ಮೋಟರು, ಅದರಾಚೆಯದು, ಅದರಾಚೆಯದು. ಶಾಂಭವಿಯ ಕಣ್ಣೆದುರಿಗೇ ಧಾರೆ ದಾರವಾಯಿತು, ದಾರ ಹನಿಯಾಯಿತು, ನಿಂತೇಹೋಯಿತು. ನಳದ ಬಾಯಿಂದ ‘ಸೊರ್‍ರ್’ ಎಂಬ ಸದ್ದು. ಯಾಕೋ ಎಂದು ಅವಳು ಅಂಗೈಯನ್ನು ನಳದ ಬಾಯಿಗೆ ಹಿಡಿದಳು. ನಳ ಅವಳ ಕೈಯನ್ನು ಒಳಕ್ಕೆ ಎಳೆದುಕೊಂಡಿತು.

ಅವಳು ಬೆಚ್ಚಿ ಕೈ ಕಿತ್ತುಕೊಂಡಳು. ಮೋಟರು ನೀರು ಹಿಡಿಯಲೆಂದು ಅದಕ್ಕೆ ಒಂದು ತಂಬಿಗೆ ನೀರು ಹೊಯ್ದು, ಸ್ವಿಚ್ ಒತ್ತಿ, ಕರೆಂಟು ಹೋದಾಗ ಹಾಗೇ ಬಿಟ್ಟು ಬಂದವಳು ತಾನೇ. ಅಲ್ಲಿ ಕೂತು ಇಲ್ಲಿಯ ನೀರನ್ನು ಹೀರುತ್ತಿರುವುದು ತನ್ನ ಮನೆಯ ಮೋಟರೇ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಅಂಗೈ ಹೇಳಿತ್ತು.

ಅಂದಿನಿಂದ ಅವಳು ಕರೆಂಟು ಹೋಗಲೆಂದು ಬೇಡಿಕೊಳ್ಳತೊಡಗಿದಳು. ಬಾಯಿಬಿಟ್ಟು ಹೇಳುವುದಕ್ಕಿಂತ ದೇವರಿಗೆ ಹೇಳುವುದು ಸುಲಭ. ಬೇಡಿಕೆ ಮನೆಯೊಳಗೇ ಉಳಿದಿದ್ದರೆ ಅಡ್ಡಿಯಿರಲಿಲ್ಲ, ಆದರೆ ಓಣಿಯ ಲೆಕ್ಕಾಚಾರವೇ ಬೇರೆ ದಾರಿ ಹಿಡಿಯಿತು.

ಬೇವಿನ ಕಟ್ಟೆಯ ಮೇಲೆ ಒಂದು ಸಂಜೆ ಪಂಚಾಯ್ತಿ ಸೇರಿತು. ಶಾಂಭವಿ ಕಿಟಕಿಯೊಳಗೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು, ಒಂದೊಂದು ಮಾತೂ ಕೇಳುತ್ತಿತ್ತು.

“ನೀವೇ ನೋಡೀರಲ್ಲ ಕೊಟ್ರಯ್ಯಣ್ಣ,” ಮುರುಗೇಶ್ ಶುರುಮಾಡಿದ, “ಕರೆಂಟ್ ಹೋಗಿದ್ದೇ ತಡ, ನಮ್ಮ ಟ್ಯಾಂಕಿಗೆ ಹನಿ ನೀರಿಲ್ಲ. ಅದೇ ಹೊತ್ತಿಗೆ ಹೊಳೆಮ್ಮನ ಮನ್ಯಾಗ ಕೊಡ ತುಂಬಿ ಚೆಲ್ಲತೈತಿ. ನಾವು ಫ್ಯಾನ್ ನಿಂತೈತಿ ಅಂತ ಬೈಕೋತ ಕುಂತಿರ್ತೀವಿ, ಈ ಹುಲುಗಪ್ಪ ಸಂದು ನೋಡಿ ಆ ಕಡಿಗೆ ತಿರುವಿ ಬಿಡ್ತಾನ.”

ಹುಲುಗಪ್ಪ ಆ ವಾರ್ಡಿಗೆ ನೀರು ಬಿಡುವವನು. ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಣಿಯಿಂದ ಓಣಿಗೆ ಹೋಗಿ ವಾಲ್ ತಿರುಗಿಸುವುದು ಅವನ ಕೆಲಸ. ಅದೂ ಖಾಯಂ ಅಲ್ಲ. ಯಾರೋ ನಾಲ್ಕು ಜನ ಬೇಡವೆಂದರೆ ನಾಳೆಯೇ ಇನ್ನೊಬ್ಬ ಬರುತ್ತಾನೆ.

“ಇಬ್ರೂ ವಡ್ಡು ಹಳ್ಳಿಯೋರು ಅಲ್ಲೇನ್ರಿ, ಒಂದೇ ಊರವರು ಅಂತ ಪ್ರೀತಿ” ಎಂದರು ಮೂಲೆಮನೆಯ ರಾಯಣ್ಣ.

“ಪ್ರೀತಿ ಎಲ್ಲೀದು ತಗೀರಿ, ಮಿರ್ಚಿ! ದಿನಾ ಸಂಜಿಗೆ ಆಕಿ ಬಂಡಿ ಮುಂದ ನಿಂತು ಬಿಸಿಬಿಸಿ ಇಳಸ್ತಾನ. ತಿಂದ ಮಿರ್ಚಿ ಋಣ ತೀರ್ಸಾಕ ಹತ್ಯಾನ.”

ಎಲ್ಲರೂ ನಕ್ಕರು. ಸೈಕಲ್ ಹಿಡಿದು ನಿಂತಿದ್ದ ಹುಲುಗಪ್ಪನಿಗೆ ಸಿಟ್ಟು ನೆತ್ತಿಗೇರಿತು. “ನಾ ವಾಲ್ ಒಮ್ಮೆ ತಗದೆ ಅಂದ್ರ ಮುಂದಿನ ಓಣಿಗೆ ಹೋಕ್ಕೀನ್ರಿ. ನಿಮ್ಮ ಓಣಿ ಪೈಪಿನ್ಯಾಗ ಗಾಳಿ ಹಿಡದೈತಿ. ಗಾಳಿಗೆ ನಾ ಏನ್ ಮಾಡ್ಲಿ? ಮಂತ್ರ ಹಾಕ್ಸಲೇನು?”

“ಗಾಳಿಗೆ ಕರೆಂಟ್ ಹೋಗಿದ್ದು ಹೆಂಗ ಗೊತ್ತಾಗ್ತೈತಲೇ?” ಮುರುಗೇಶ್ ಕೇಳಿದ.

ಹುಲುಗಪ್ಪ ಸೈಕಲ್ಲಿಗೆ ಕಟ್ಟಿದ ಕೀಲಿಯ ಹಗ್ಗ ಬಿಗಿಮಾಡಿಕೊಂಡ. ಪಾಪ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಗು ಇನ್ನೂ ಜೋರಾಯಿತು. ಕಿಟಕಿಯೊಳಗೆ ಶಾಂಭವಿಯ ಕೈಯಲ್ಲಿ ಮೆಂತ್ಯದ ಕಡ್ಡಿಗಳು ಎಲೆಯ ಕಡೆ, ಎಲೆಗಳು ಕಡ್ಡಿಯ ಕಡೆ ಬೀಳತೊಡಗಿದವು.

ಕೊಟ್ರಯ್ಯ ನ್ಯಾಯಸ್ಥನಂತೆ ಕೈಯೆತ್ತಿದ. “ಸುಮ್ನ ಒಬ್ಬರ ಮ್ಯಾಲೆ ಹೊರಸೋದು ಬ್ಯಾಡ. ಪರೀಕ್ಷಾ ಮಾಡೋಣು. ಮುಂದಿನ ನಳಕ್ಕ ಹುಲುಗಪ್ಪ ವಾಲ್ ತಗದು ನಮ್ಮ ಜತೀಗೇ ಹೊಳೆಮ್ಮನ ಮನಿ ಮುಂದ ನಿಂದ್ರಲಿ. ಕೀಲಿ ನನ್ನ ಕೈಯಾಗ. ಕರೆಂಟ್ ಇರ್ಬೇಕು, ತಿರುವಾಕ ಅವಗ ಸಂದು ಸಿಗಬಾರ್ದು. ಅವತ್ತ ಹೊಳೆಮ್ಮನ ನಳಕ್ಕ ನೀರು ಬಂತು ಅಂದ್ರ ಹುಲುಗಪ್ಪ ಚಿನ್ನದಂಥ ಮನಿಷಾ. ಬರ್ಲಿಲ್ಲ ಅಂದ್ರ ಇಷ್ಟ ದಿನ ಕಳ್ಳ ಕೈಲೆ ಬಿಟ್ಟಾಂವ ಅವನೇ ಅಂತ ಆತು. ಸೀದಾ ನಗರಸಭೆಗೆ ಹೋಗಿ ಈ ಮನಿಷಾ ನಮಗ ಬ್ಯಾಡ ಅಂತ ಹೇಳಿ ಬರೋದು. ಏನಂತೀರಿ?”

ಎಲ್ಲರೂ ತಲೆದೂಗಿದರು. ಹುಲುಗಪ್ಪನೂ ತಲೆದೂಗಿದ: “ಆಗ್ಲಿ ತಗೋರಿ ಸಾವ್ಕಾರ್ರ, ನನಗೇನ್ ಅಂಜಿಕಿ?”

ಶಾಂಭವಿ ಮಾತ್ರ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಕರೆಂಟಿದ್ದರೆ ಆನೆ ಹೀರುತ್ತದೆ. ಆನೆ ಹೀರಿದರೆ ಕೊನೆಯ ಮನೆಗೆ ಒಂದು ಹನಿಯೂ ದಾಟುವುದಿಲ್ಲ. ಅಪ್ಪ ನ್ಯಾಯದ ಹೆಸರಿನಲ್ಲಿ ಕಟ್ಟಿದ್ದು ಉರುಲು, ಹುಲುಗಪ್ಪ ನಗುನಗುತ್ತ ಅದಕ್ಕೆ ಕತ್ತು ಕೊಟ್ಟಿದ್ದ.

ಊಟಕ್ಕೆ ಕುಳಿತಾಗ ಹೇಳಿಬಿಡಬೇಕೆಂದು ಅವಳು ಅಡುಗೆಮನೆಯಲ್ಲೇ ಮಾತು ಜೋಡಿಸಿಕೊಂಡಳು. ಜೋಳದ ರೊಟ್ಟಿ ಬಡಿಸುತ್ತ, “ಅಪ್ಪಾ” ಎಂದಳು.

“ಏನ್ ಯವ್ವಾ?”

ಅಪ್ಪನ ಮುಖ ಪ್ರಸನ್ನವಾಗಿತ್ತು, ಒಂದು ಒಳ್ಳೆಯ ತೀರ್ಪು ಕೊಟ್ಟು ಬಂದವನ ಕಳೆ ಅದರ ಮೇಲಿತ್ತು. ಜೋಡಿಸಿದ ಮಾತು ಬಿಟ್ಟು ಅವಳು ಪಲ್ಯದ ಬಟ್ಟಲನ್ನು ಮುಂದಕ್ಕೆ ಸರಿಸಿದಳು.

“ಉಪ್ಪು... ಪಲ್ಲೇಕ ಉಪ್ಪು ಸಾಲತೈತೇನು?”

“ಮಸ್ತ್ ಆಗೇತಿ” ಎಂದು ಕೊಟ್ರಯ್ಯ ಇನ್ನೊಂದು ರೊಟ್ಟಿ ಮುರಿದ.

ನಳದ ದಿನ ಬಂತು. ಬೆಳಗಿನಿಂದಲೇ ಶಾಂಭವಿ ಸ್ವಿಚ್‌ಬೋರ್ಡಿನ ಕೆಂಪು ದೀಪವನ್ನು ನೋಡುತ್ತಿದ್ದಳು. ಹೋಗು, ಹೋಗು ಎಂದು ಎಷ್ಟು ಅಂದುಕೊಂಡರೂ ಅದು ಹಣೆಯ ಕುಂಕುಮದಂತೆ ಗಟ್ಟಿಯಾಗಿ ಉಳಿಯಿತು. ದೇವರು ಆವತ್ತು ಬೇರೆ ಯಾರದೋ ಮಾತು ಕೇಳುತ್ತಿದ್ದ. ಹೊರಗೆ ಗಂಡಸರು ಹೆಂಗಸರು ಗುಂಪುಗೂಡಿದ ಸದ್ದು. ಹುಲುಗಪ್ಪ ವಾಲ್ ತಿರುಗಿಸಿದ್ದು, “ತಗೋರಿ ಸಾವ್ಕಾರ್ರ ಕೀಲಿ, ನಿಮ್ಮ ಕೈಯಾಗೇ ಇರ್ಲಿ” ಎಂದದ್ದು, ಯಾರೋ “ಕೀಲಿ ಭಾರೈತಿ, ಹುಷಾರ್‍ರೀ” ಎಂದು ಅಣಕಿಸಿದ್ದು.

ಅವಳು ಮೋಟರಿನ ಮುಂದೆ ತಂಬಿಗೆ ಹಿಡಿದು ನಿಂತಳು. ಹಚ್ಚಿದರೆ ಹುಲುಗಪ್ಪ ಹೋದ. ಹಚ್ಚದಿದ್ದರೆ ಮಾಳಿಗೆಯ ಟ್ಯಾಂಕು ಖಾಲಿ, ನಾಲ್ಕೈದು ದಿನ ಮನೆಗೆ ನೀರಿಲ್ಲ, ಅಪ್ಪನಿಗೆ ಏನು ಹೇಳುವುದು? ತಂಬಿಗೆ ಕೆಳಗಿಡುವಾಗ ಅವಳ ಕಣ್ಣು ಅಂಗಳದ ಮೂಲೆಗೆ ಹೋಯಿತು. ಸಂಪು. ಅದರ ಮುಚ್ಚಳದ ಮೇಲೆ ಅಜ್ಜಿ ಸಂಡಿಗೆ ಒಣಹಾಕಿದ್ದಳು. ಶಾಂಭವಿ ಸಂಡಿಗೆಯ ಸೀರೆಯನ್ನು ಪಕ್ಕಕ್ಕೆ ಸರಿಸಿ, ಮುಚ್ಚಳ ಎತ್ತಿ, ನಳದ ನೀರನ್ನು ಸಂಪಿಗೆ ಬಿಡುವ ತುಕ್ಕು ಹಿಡಿದ ತಿರುಪನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಅದು ಜಗ್ಗಲಿಲ್ಲ. ಸೆರಗು ಸುತ್ತಿ ಮತ್ತೆ ತಿರುಗಿಸಿದಳು. ಕಿರುಗುಟ್ಟಿ ಬಿಟ್ಟಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಳಗಿನ ಕತ್ತಲಲ್ಲಿ ನೀರು ಬೀಳುವ ಸದ್ದು. ಯಾರೂ ಎಳೆಯದೆ, ಯಾರೂ ಎತ್ತದೆ, ತನ್ನ ಪಾಡಿಗೆ ತಾನು ಬೀಳುವ ನೀರು. ಸಂಪಿನ ತಳ ತೇವವಾಯಿತು, ತೇವ ಹೊಳೆಯಾಗಿ ಹರಡಿತು. ಶಾಂಭವಿ ಮಂಡಿಯೂರಿ ಅದನ್ನೇ ನೋಡಿದಳು. ಸಂಪು ತುಂಬಿದ ಮೇಲೆ ಇದೇ ಮೋಟರಿನಿಂದ ಮಾಳಿಗೆಗೆ ಏರಿಸಿದರಾಯಿತು. ಯಾರ ಬಾಯಿಂದಲೂ ಕಿತ್ತುಕೊಂಡಂತಾಗುವುದಿಲ್ಲ.

“ಶಾಂಭೂ! ಮೋಟರ್ ಹಚ್ಚಿದೇನು?” ಹೊರಗಿನಿಂದ ಅಪ್ಪನ ದನಿ.

“ಹ್ಞೂಂ ಅಪ್ಪಾ.”

ಮುರುಗೇಶನ ಮೋಟರು ಗುಂಯ್‌ಗುಡುತ್ತಿತ್ತು, ಜನರ ಗದ್ದಲ ಬೇರೆ. ಆನೆ ಕೂಗಿತೋ ಇಲ್ಲವೋ ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ತಿಳಿದದ್ದು ಒಳಕೋಣೆಯ ಅಕ್ಕನಾಗಮ್ಮನಿಗೆ ಮಾತ್ರ.

“ಏನ ಇದು, ಇವತ್ತ ನಿಮ್ಮಪ್ಪನ ಆನಿ ಸುಮ್ನೈತಿ?”

“ಮಲಗೇತಿ ಅಜ್ಜಿ.”

“ಮಲಗಲಿ ಬಿಡು. ನನ್ನ ಜಪ ಒಂದಿನಾನರ ನನಗ ಕೇಳ್ತೈತಿ” ಎಂದ ಅಜ್ಜಿ, ಸ್ವಲ್ಪ ತಡೆದು, “ನನ್ನ ಸಂಡಿಗಿ ತುಳದೀ ಮತ್ತ” ಎಂದಳು.

ಶಾಂಭವಿ ಹೊಳೆಮ್ಮನ ಮನೆಗೆ ಓಡಿದಳು. ಓಣಿಯ ಅರ್ಧ ಜನ ಅಲ್ಲಿದ್ದರು. ಅಪ್ಪ ಕಬ್ಬಿಣದ ಕೀಲಿಯನ್ನು ದಂಡದಂತೆ ನೆಲಕ್ಕೂರಿ ನಿಂತಿದ್ದ. ಹುಲುಗಪ್ಪ ಎಲ್ಲರ ನಡುವೆ, ಕೈಗಳನ್ನು ಎದೆಗೆ ಕಟ್ಟಿಕೊಂಡು. ಹೊಳೆಮ್ಮ ಖಾಲಿ ಕೊಡವನ್ನು ನಳದ ಕೆಳಗಿಟ್ಟು ಯಾರ ಮುಖವನ್ನೂ ನೋಡದೆ ಕುಳಿತಿದ್ದಳು. ಅವಳ ಮನೆಯ ಬಲ್ಬು ಉರಿಯುತ್ತಿತ್ತು. ಕರೆಂಟು ಇದೆಯೆಂಬುದಕ್ಕೆ ಸಾಕ್ಷಿಯಾಗಲೆಂದು ಮುರುಗೇಶನೇ ಹಾಕಿಸಿದ್ದ.

ಹೊತ್ತು ಹೋಯಿತು. ನಳದ ಬಾಯಿ ಒಣಗಿಯೇ ಇತ್ತು. ಶಾಂಭವಿ ಓಣಿಯ ಆ ತುದಿಯ ಕಡೆ ತಿರುಗಿ ನೋಡಿದಳು. ಆನೆ ಒಂದನ್ನು ನಿಲ್ಲಿಸಿದರೆ ಸಾಲದೇನೋ, ಉಳಿದವೂ ಹೀರುತ್ತಿವೆಯಲ್ಲ. ಹುಲುಗಪ್ಪನ ಕಟ್ಟಿದ ಕೈಗಳು ನಿಧಾನವಾಗಿ ಕೆಳಗಿಳಿದವು.

“ಏನಲೇ ಹುಲುಗಾ, ಗಾಳಿ ಇನ್ನೂ ಎದ್ದಿಲ್ಲೇನು?” ಎಂದ ಮುರುಗೇಶ್.

ಯಾರೋ ಕಿಸಕ್ಕೆಂದರು. ಆಗ ನಳ ಕೆಮ್ಮಿತು. ಒಮ್ಮೆ ಕೆಮ್ಮಿ, ಒಂದಿಷ್ಟು ಕೆಂಪು ನೀರು ಉಗುಳಿ, ಮತ್ತೆ ಕೆಮ್ಮಿ, ಕಿರುಬೆರಳಿನಷ್ಟು ದಪ್ಪಗೆ ಬಿಡತೊಡಗಿತು. ಬಿಡುತ್ತಲೇ ಹೋಯಿತು. ಕೊಡದ ತಳಕ್ಕೆ ನೀರು ಬಿದ್ದ ಸದ್ದು ಎಲ್ಲರಿಗೂ ಕೇಳಿತು.

“ಕರೆಂಟ್ ಐತೇನ್ರೀ?” ರಾಯಣ್ಣ ಬಲ್ಬಿನ ಕಡೆ ನೋಡಿದರು. ಬಲ್ಬು ಉರಿಯುತ್ತಿತ್ತು.

“ಕೀಲಿ?” ಎಲ್ಲರೂ ಕೊಟ್ರಯ್ಯನ ಕಡೆ ನೋಡಿದರು. ಕೀಲಿ ಅವನ ಕೈಯಲ್ಲೇ ಇತ್ತು.

“ಬಂತ್ರೇ ನಮ್ಮವ್ವಾ!” ಹುಲುಗಪ್ಪ ಎರಡೂ ಕೈ ಮೇಲೆತ್ತಿದ. “ನಾ ಹೇಳಿಲ್ಲೇನ್ರಿ ಗಾಳಿ ಅಂತ! ಹೋತು ನೋಡ್ರಿ ಗಾಳಿ! ಕೆಮ್ಮಿದ್ದು ಕೇಳಿಸ್ತಿಲ್ಲೋ?”

ನಗೆಯ ಕಟ್ಟೆಯೇ ಒಡೆಯಿತು. ಈ ಸಲದ ನಗುವಿನಲ್ಲಿ ಮುಳ್ಳಿರಲಿಲ್ಲ. ಮುರುಗೇಶ್ ಬಂದು ಹುಲುಗಪ್ಪನ ಬೆನ್ನಿಗೆ ಗುದ್ದಿದ: “ಮಿರ್ಚಿ ಅಂದಿದ್ದಕ್ಕ ಸಿಟ್ಟಾಗಬ್ಯಾಡಪ್ಪ. ಸಂಜಿಗೆ ನಾನೇ ತಿನ್ನಸ್ತೀನಿ.” “ಒಂದ್ ಪ್ಲೇಟ್ ಅಲ್ಲ, ಹೊಟ್ಟಿ ತುಂಬ” ಎಂದ ಹುಲುಗಪ್ಪ. ಕೊಟ್ರಯ್ಯ ಕೀಲಿಯನ್ನು ಅವನ ಕೈಗೆ ಹಿಂದಿರುಗಿಸಿ, ಎಲ್ಲರಿಗೂ ಕೇಳುವಂತೆ, “ತಪ್ಪು ತಿಳಕೊಂಡಿದ್ವಿ ಹುಲುಗಪ್ಪಾ. ನೀ ಚಿನ್ನದಂಥ ಮನಿಷಾ. ಮನಸಿನ್ಯಾಗ ಇಟ್ಕೋಬ್ಯಾಡ” ಎಂದ. ಅವನಿಗೂ ಮೈ ಹಗುರಾದದ್ದು ಶಾಂಭವಿಗೆ ಕಂಡಿತು. ಅಪ್ಪನಿಗೆ ಒಬ್ಬರ ಕೆಲಸ ಕಳೆಯುವ ಮನಸ್ಸು ಮೊದಲಿಗೂ ಇರಲಿಲ್ಲ.

ಇಲ್ಲಿಗೆ ಮುಗಿಯಿತಲ್ಲ ಎಂದುಕೊಂಡಳು ಶಾಂಭವಿ. ಹುಲುಗಪ್ಪ ಉಳಿದ. ಗಾಳಿಯ ಮೇಲೆ ಹೊರಿಸಿದರೆ ಗಾಳಿ ಬೇಡವೆನ್ನುವುದಿಲ್ಲ. ಯಾರೂ ಏನೂ ಹೇಳಬೇಕಾಗಿಲ್ಲ. ಮನೆಗೆ ಹೋಗಿ ಡೈರಿಯಲ್ಲಿ ಬರೆದುಕೊಂಡರೆ ಸಾಕು.

ಹೊಳೆಮ್ಮ ಮಾತ್ರ ನಗುತ್ತಿರಲಿಲ್ಲ. ಅವಳು ತುಂಬಿದ ಕೊಡ ಸರಿಸಿ ಬಕೀಟು, ಬಕೀಟು ಸರಿಸಿ ಡಬರಿ, ಯಾರೋ ಬಂದು ಕಸಿದುಕೊಳ್ಳುವರೇನೋ ಎಂಬಂತೆ ಅವಸರವಸರವಾಗಿ ತುಂಬಿಸುತ್ತಿದ್ದಳು.

“ಸಾವಕಾಶ ಹಿಡಿಬೇ ಹೊಳೆಮ್ಮ, ನೀರೇನು ಓಡಿ ಹೋಗ್ತೈತೇನು?” ಎಂದ ಕೊಟ್ರಯ್ಯ.

“ಇವತ್ತೇನೋ ಬಂದೈತ್ರಿ ಸಾವ್ಕಾರ್ರ. ಮುಂದಿನ ನಳಕ್ಕ ಗಾಳಿ ಮತ್ತ ಹಿಡೀತಂದ್ರ?” ಅವಳು ತಲೆಯೆತ್ತಲಿಲ್ಲ. “ಮತ್ತ ಇವನ ಕೊಳ್ಳಿಗೇ ಬರ್ತೀರಿ. ನನ್ನ ಸೊಂಟದ್ದು ಬಿಡ್ರಿ, ಅದು ಇದ್ದದ್ದೇ.”

“ನೋಡೋಣು, ನೋಡೋಣು” ಎಂದು ಕೊಟ್ರಯ್ಯ ಪಂಚೆ ಎತ್ತಿ ಕಟ್ಟಿಕೊಂಡ. ಜನ ಒಬ್ಬೊಬ್ಬರಾಗಿ ಕದಲತೊಡಗಿದರು.

ಶಾಂಭವಿ ಹೊಳೆಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ತುಂಬಿದ ಡಬರಿಯನ್ನು ಎಳೆದು ಖಾಲಿ ಪಾತ್ರೆಯನ್ನು ನಳದ ಕೆಳಗೆ ಸರಿಸಿದಳು. ನೀರು ಅವಳ ಅಂಗೈ ಮೇಲೆ ಬಿತ್ತು. ತಣ್ಣಗಿತ್ತು, ಕೈಯನ್ನು ಹೊರಕ್ಕೆ ತಳ್ಳುತ್ತಿತ್ತು. ಅಂಗಳದಲ್ಲಿ ಸಂಪು ತುಂಬುತ್ತಿತ್ತು, ಇಲ್ಲಿ ಪಾತ್ರೆ ತುಂಬುತ್ತಿತ್ತು. ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ. ಇಷ್ಟಕ್ಕೆ ಇಷ್ಟು ದಿನ ಹೆದರಿದೆನಲ್ಲ ಎಂದು ನಗು ಬರುವಂತಾಯಿತು.

“ನಡಿ ಶಾಂಭೂ,” ಹೊರಡುತ್ತಿದ್ದ ಕೊಟ್ರಯ್ಯ ತಿರುಗಿ ಕರೆದ, “ಟ್ಯಾಂಕ್ ತುಂಬಿರ್ತೈತಿ. ಜಲ್ದಿ ಹೋಗಿ ಮೋಟರ್ ಬಂದ್ ಮಾಡು.”

ಅವಳು ಎದ್ದು ನಿಂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹುಲುಗಪ್ಪನೂ ಮುರುಗೇಶನೂ ಹೊಳೆಮ್ಮನೂ ಇನ್ನೂ ಅಲ್ಲೇ ಇದ್ದರು. ಅವರಿಗೂ ಕೇಳುವಷ್ಟು ಗಟ್ಟಿಯಾಗಿ ಅವಳು ಹೇಳಿದಳು:

“ನಾ ಇವತ್ತ ಮೋಟರ್ ಹಚ್ಚೇ ಇಲ್ಲಪ್ಪಾ. ಅದಕ್ಕ ಇಲ್ಲಿಗೆ ನೀರು ಬಂದೈತಿ.”